ಕೆರೆ ತಿರುವಿನಲ್ಲಿ ಯಾರೂ ನೋಡದ ಹಾವು

ಆ ವರ್ಷ ನನ್ನ ಬೆಳಗು ಶುರುವಾಗುತ್ತಿದ್ದದ್ದು ಸತ್ತ ಕಪ್ಪೆಗಳಿಂದ. ಶಿರಸಿಯ ಬಾಡಿಗೆ ಕೋಣೆಯಲ್ಲಿ ಚಹಾಕ್ಕೆ ನೀರಿಟ್ಟು ಫೋನ್ ತೆರೆದರೆ ಫೋಟೊಗಳು ಸಾಲಾಗಿ ಕಾಯುತ್ತಿದ್ದವು. ಯಲ್ಲಾಪುರದ ಘಟ್ಟದಲ್ಲಿ ಲಾರಿಗೆ ಸಿಕ್ಕ ಪುನುಗು ಬೆಕ್ಕು, ಭೈರುಂಬೆಯ ಹತ್ತಿರ ಡಾಂಬರಿಗೆ ಅಂಟಿಕೊಂಡ ಕೇರೆ ಹಾವು, ವಾನಳ್ಳಿ ರಸ್ತೆಯಲ್ಲಿ ಏಡಿ, ಮತ್ತೆ ಎಲ್ಲ ಕಡೆಯಿಂದಲೂ ಕಪ್ಪೆ. ಕೆಲವು ಎಷ್ಟು ಚಪ್ಪಟೆಯಾಗಿರುತ್ತಿದ್ದವೆಂದರೆ, ಅದು ಕಪ್ಪೆಯೋ ಹಲಸಿನ ಎಲೆಯೋ ಎಂದು ಚಿತ್ರವನ್ನು ದೊಡ್ಡದು ಮಾಡಿ ನೋಡಬೇಕಿತ್ತು. ಎಲೆ ಎಂದು ಖಚಿತವಾದರೆ ಕಳಿಸಿದವರಿಗೆ ಬೇಸರವಾಗದಂತೆ ತಿಳಿಸಬೇಕಿತ್ತು. ಅಷ್ಟರಲ್ಲಿ ಚಹಾ ಆರಿರುತ್ತಿತ್ತು.

ಓದು ಮುಗಿಸಿ ಊರ ಕಡೆ ಬಂದು ನಾನು ಸೇರಿಕೊಂಡ ಸಣ್ಣ ಸಂಸ್ಥೆಯ ಕೆಲಸ ಇದು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ರಸ್ತೆಗಳಲ್ಲಿ ಎಲ್ಲೆಲ್ಲಿ ಯಾವ ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತವೆ ಎಂದು ತಿಳಿಯಬೇಕು. ಅದನ್ನು ಒಬ್ಬಳು ತಿರುಗಾಡಿ ತಿಳಿಯಲಾಗದು. ದಿನವೂ ಅದೇ ದಾರಿಯಲ್ಲಿ ಹೋಗುವವರೇ ನೋಡಿ ತಿಳಿಸಬೇಕು. ಶಾಲೆಯ ಶಿಕ್ಷಕರು, ಹಾಲಿನ ಡೇರಿಗೆ ಹೋಗುವವರು, ಬಸ್ಸಿನ ಕಂಡಕ್ಟರು, ಕಾಲೇಜಿನ ಹುಡುಗಿಯರು ಹೀಗೆ ಸ್ವಯಂಸೇವಕರಾಗಿದ್ದರು. ಸತ್ತ ಪ್ರಾಣಿ ಕಂಡರೆ ನಿಲ್ಲಬೇಕು, ಫೋಟೊ ತೆಗೆಯಬೇಕು, ನಮ್ಮ ಆ್ಯಪ್‌ನಲ್ಲಿ ಕಳಿಸಬೇಕು. ಜಾಗ ಮತ್ತು ಹೊತ್ತು ತಾನಾಗಿ ದಾಖಲಾಗುತ್ತದೆ. ನಮ್ಮ ಪ್ರಸ್ತಾವನೆಯಲ್ಲಿ ಇದಕ್ಕೆ ನಾಗರಿಕ ವಿಜ್ಞಾನ ಎಂದು ಬರೆದಿತ್ತು. ಚಿಕ್ಕಮ್ಮ ಅದನ್ನು ಸತ್ತವರ ಸುದ್ದಿ ಎನ್ನುತ್ತಿದ್ದಳು.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಕಾನಸೂರಿನ ಹತ್ತಿರದ ಊರಿನಿಂದ ಸಿದ್ದಾಪುರದ ಒಂದು ಸೊಸೈಟಿಗೆ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗಿಬರುತ್ತಾಳೆ. ನಮ್ಮ ಸ್ವಯಂಸೇವಕರಲ್ಲಿ ಅವಳಷ್ಟು ನಿಯಮಿತವಾಗಿ ಕಳಿಸುತ್ತಿದ್ದವರು ಇನ್ನೊಬ್ಬರಿರಲಿಲ್ಲ. ಅವಳ ಫೋಟೊಗಳನ್ನು ಹೆಸರು ನೋಡದೆಯೂ ಗುರುತಿಸಬಹುದಿತ್ತು. ಅಳತೆ ತಿಳಿಯಲು ಪಕ್ಕದಲ್ಲಿ ಏನಾದರೂ ಇಡಿ ಎಂದು ನಾವು ಹೇಳಿದ್ದೆವು. ಎಲ್ಲರೂ ಪೆನ್ನು ಇಟ್ಟರೆ ಅವಳು ಬಲಗಾಲಿನ ಚಪ್ಪಲಿ ಬಿಟ್ಟು ಇಡುತ್ತಿದ್ದಳು. ಹಾಗಾಗಿ ಆ ರಸ್ತೆಯ ಪ್ರತಿಯೊಂದು ಸಾವಿನ ಪಕ್ಕದಲ್ಲೂ ಅವಳ ನೀಲಿ ಪಟ್ಟಿಯ ಚಪ್ಪಲಿ ಇದೆ. ಸೇರಿದ ಮೊದಲ ವಾರವೇ ಅವಳ ತಕರಾರು ಬಂದಿತ್ತು.

"ಅದೆಂತ ಕೂಸೇ, ಬದ್ಕಿದ್ದು ಕಂಡ್ರೆ ಹಾಕಲೆ ಜಾಗವೇ ಇಲ್ಲೆ? ಇವತ್ತು ಒಂದು ಮುಂಗುಸಿ ರಸ್ತೆ ದಾಟ್ಚು. ಎರಡೂ ಬದಿ ನೋಡ್ಕ್ಯಂಡು ದಾಟ್ಚು ಮಾರಾಯ್ತಿ, ಯಮ್ಮನೆಯವಕ್ಕಿಂತ ಚೊಲೋ."

"ಇದು ಸತ್ತವುಗಳ ಅಧ್ಯಯನ, ಚಿಕ್ಕಮ್ಮ."

"ಹಂಗಾದ್ರೆ ಅದು ಸಾಯವರೆಗೆ ಕಾಯವು ಹೇಳಾತು," ಎಂದು ಫೋನ್ ಇಟ್ಟಿದ್ದಳು.

ಅವಳು ಕಳಿಸುತ್ತಿದ್ದ ಫೋಟೊಗಳಲ್ಲಿ ಹೆಚ್ಚಿನವು ಒಂದೇ ಜಾಗದವು. ಕಾನಸೂರಿನಿಂದ ಸಿದ್ದಾಪುರದ ಕಡೆ ಹೋಗುವಾಗ ಒಂದು ಕೆರೆ ಸಿಗುತ್ತದೆ. ರಸ್ತೆ ಅದರ ಏರಿಯನ್ನು ಬಳಸಿ ತಿರುಗುತ್ತದೆ. ಒಂದು ಬದಿ ನೀರು, ಇನ್ನೊಂದು ಬದಿ ಕಾಡಿನ ಇಳಿಜಾರು. ನಡುವೆ ರಸ್ತೆಯ ಅಡಿಯಲ್ಲಿ ಹಳೆಯ ಮೋರಿ ಇದೆ, ಆದರೆ ಅದರ ಬಾಯಿ ಮಣ್ಣು ತುಂಬಿ ಮುಚ್ಚಿಹೋಗಿತ್ತು. ನೀರಿನಿಂದ ಕಾಡಿಗೆ, ಕಾಡಿನಿಂದ ನೀರಿಗೆ ಹೋಗುವ ಯಾವುದೇ ಜೀವಿ ರಸ್ತೆಯ ಮೇಲೆಯೇ ಹೋಗಬೇಕು. ಗೋಡೆಗೆ ಹಾಕಿದ್ದ ನಮ್ಮ ನಕ್ಷೆಯಲ್ಲಿ ಆ ತಿರುವಿಗೆ ಚುಚ್ಚಿದ ಗುಂಡುಸೂಜಿಗಳು ಒಂದಕ್ಕೊಂದು ತಾಗಿ ನಿಂತಿದ್ದವು.

ಅದೇ ಹೊತ್ತಿಗೆ ಆ ರಸ್ತೆಯ ದುರಸ್ತಿ ಮಂಜೂರಾಗಿತ್ತು. ಮಳೆಗಾಲ ಕಳೆದ ಮೇಲೆ ಕೆಲಸ ಶುರು. ಹಳೆಯ ಮೋರಿಯನ್ನು ಹಾಗೆಯೇ ಮುಚ್ಚಿ ಮೇಲೆ ಡಾಂಬರು ಹಾಕಿದರೆ ಮುಂದೆ ಎಷ್ಟೋ ವರ್ಷ ಅದನ್ನು ಯಾರೂ ಮುಟ್ಟುವುದಿಲ್ಲ. ಅದರ ಬದಲು ದೊಡ್ಡ ಮೋರಿ ಕಟ್ಟಿ, ಒಳಗೆ ನೀರಿಗಿಂತ ಎತ್ತರದಲ್ಲಿ ಒಂದು ಕಟ್ಟೆ ಬಿಟ್ಟರೆ ಪ್ರಾಣಿಗಳು ಅಡಿಯಿಂದಲೇ ದಾಟಬಹುದು. ನನಗೆ ಆ ಮೋರಿ ಬೇಕಿತ್ತು. ಕೆಲಸಕ್ಕೆ ಸೇರಿದಾಗಿನಿಂದ ಬರೇ ಸಾವುಗಳನ್ನು ಗುರುತಿಸುತ್ತ ಕುಳಿತವಳಿಗೆ, ಒಂದೇ ಒಂದು ಜಾಗದಲ್ಲಾದರೂ ಅದು ನಿಂತದ್ದನ್ನು ನೋಡಬೇಕಿತ್ತು.

ರಸ್ತೆಯ ಎಂಜಿನಿಯರು ಹಾವೇರಿ ಕಡೆಯವರು. ನಮ್ಮ ನಕ್ಷೆ, ಪಟ್ಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ನಿಜವಾಗಿಯೂ ಓದಿದರು. ಅಷ್ಟು ತಾಳ್ಮೆಯನ್ನು ನಾನು ನಿರೀಕ್ಷಿಸಿರಲಿಲ್ಲ.

"ಕುಂದರ್ರಿ ಮೇಡಂ. ಕೆಲಸ ಚಲೋ ಮಾಡೀರಿ. ಆದ್ರ ನೋಡ್ರಿ, ಇದನ್ನ ನಾ ಮ್ಯಾಲಿನವ್ರಿಗೆ ಕಳಸಬೇಕು. ಕಪ್ಪಿ, ಏಡಿ ಅಂತ ಬರದ್ರ ಅವ್ರು ನಕ್ಕು ಬಿಡ್ತಾರ್ರಿ." ಅವರ ಬೆರಳು ಪಟ್ಟಿಯ ಮೇಲಿಂದ ಕೆಳಗೆ ಇಳಿಯಿತು. "ಅಲ್ರೀ, ಇಷ್ಟೆಲ್ಲಾ ಹಾವು ಬರದೀರಿ. ಒಂದ್ ನಾಗಪ್ಪ ಇಲ್ಲಲ್ರೀ ಇದರಾಗ?"

"ನಾಗರಹಾವಿನ ದಾಖಲೆ ಬಂದಿಲ್ಲ ಸರ್."

"ನಾಗಪ್ಪ ಸಾಯ್ತಾನ ಅಂದ್ರ ಯಾರೂ ನಗಂಗಿಲ್ರಿ. ಸಹಿ ಹಾಕೋರೂ ಕೈ ಮುಗದು ಹಾಕ್ತಾರ. ಇದ್ರ ತರ್ರಿ. ಇಲ್ಲಾಂದ್ರ ನಾ ಪ್ರಯತ್ನ ಮಾಡ್ತೀನಿ, ಖಾತ್ರಿ ಹೇಳಂಗಿಲ್ಲ."

ನನಗೆ ಸಿಟ್ಟು ಬಂತು, ತೋರಿಸಲಿಲ್ಲ. ಅಷ್ಟು ಕಪ್ಪೆಗಳಿಗಿಲ್ಲದ ತೂಕ ಒಂದು ಹಾವಿಗೆ ಯಾಕೆ ಬರಬೇಕು? ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಕಾಡಿದ್ದು ಬೇರೆ ಪ್ರಶ್ನೆ. ಕೇರೆ, ಹಸಿರು ಹಾವು, ನೀರೊಳ್ಳೆ, ಮಂಡಲ ಎಲ್ಲವೂ ಬಂದಿದ್ದವು. ನಾಗರಹಾವು ಮಾತ್ರ ಯಾಕೆ ಇಲ್ಲ? ಮೂರು ತಾಲ್ಲೂಕುಗಳ ಯಾವ ರಸ್ತೆಯಿಂದಲೂ ಇಲ್ಲ. ನಾನು ಮಧ್ಯಂತರ ವರದಿಯ ಕರಡಿನಲ್ಲಿ ಒಂದು ವಾಕ್ಯ ಬರೆದಿದ್ದೆ: ನಾಗರಹಾವುಗಳು ಬಹುಶಃ ವಾಹನ ಸಂಚಾರವಿರುವ ರಸ್ತೆಗಳನ್ನು ತಪ್ಪಿಸುತ್ತವೆ. ಇನ್ನೂ ಹೆಚ್ಚಿನ ಅಧ್ಯಯನ ಬೇಕು ಎಂದೂ ಸೇರಿಸಿದ್ದೆ.

ಆ ವಾಕ್ಯ ಉಳಿದದ್ದು ಕೆಲವೇ ದಿನ. ನಮ್ಮ ಕಚೇರಿಗೆ ಕಬ್ಬಿಣದ ಕಪಾಟು ತಂದುಕೊಟ್ಟ ಟೆಂಪೊದ ಮಾಲೀಕರು ಅದನ್ನು ಹೊಡೆದುಹಾಕಿದರು. ಅವರು ಶಿರಸಿಯವರು, ಅಪ್ಪನ ಕಾಲದಿಂದಲೂ ಸಾಗಾಟದ ಕೆಲಸ. ಸಿದ್ದಾಪುರ ರಸ್ತೆಯ ಪ್ರತಿ ಅಂಗಡಿಯವರೂ ಅವರನ್ನು ಭಾಯ್ ಎಂದು ಕರೆಯುತ್ತಾರೆ, ನಾವೂ ಹಾಗೆಯೇ. ತಮ್ಮ ಟೆಂಪೊ ಮತ್ತು ತಮ್ಮ ಮಾತು ಎರಡಕ್ಕೂ ಬ್ರೇಕ್ ಹಾಕುವುದು ಅವರಿಗೆ ಇಷ್ಟವಿಲ್ಲ. ಕಪಾಟು ಇಳಿಸಿ, ನೀರು ಕುಡಿದು, ಗೋಡೆಯ ನಕ್ಷೆಯ ಮುಂದೆ ಸೊಂಟಕ್ಕೆ ಕೈ ಇಟ್ಟು ನಿಂತರು. ನಾನು ವಿವರಿಸಿದೆ. ಎಂಜಿನಿಯರು ಹೇಳಿದ್ದನ್ನೂ ಹೇಳಿದೆ.

"ನಾಗರಹಾವು ಬಂದಿಲ್ವಾ?" ಭಾಯ್ ಜೋರಾಗಿ ನಕ್ಕರು. "ಎಂತ ಅಕ್ಕಾ ನೀವು! ಎಲ್ಲಿಂದ ಬರ್ತದೆ? ನಿಮ್ಮವರು ಯಾರಾದ್ರೂ ನೋಡ್ತಾರಾ ಅದನ್ನ?"

"ಅಂದರೆ?"

"ಅಂದ್ರೆ ನಂಗೆ ಫೋನ್ ಬರ್ತದೆ. 'ಭಾಯ್, ಕೆರೆ ತಿರುವಲ್ಲಿ ಎಂತೋ ಬಿದ್ದದಂತೆ, ನಾನು ನೋಡ್ಲಿಲ್ಲ, ನೀವು ಆ ಕಡೆ ಹೋಗೋರಿದ್ರೆ ಸ್ವಲ್ಪ ಬದಿಗೆ ಹಾಕಿ.' ನೋಡ್ಲಿಲ್ವಂತೆ! ನೋಡದೆ ಇದ್ರೆ ಬಿದ್ದದ್ದು ಹ್ಯಾಗೆ ಗೊತ್ತಾಯ್ತು ಅಂತ ನಾನು ಕೇಳೋದಿಲ್ಲ ಬಿಡಿ, ಪಾಪ. ಹೋಗಿ ಕೋಲಲ್ಲಿ ಎತ್ತಿ ಮರದ ಬುಡಕ್ಕೆ ಹಾಕಿ ಎಲೆ ಮುಚ್ಚಿ ಬರ್ತೇನೆ."

ನಾನು ಕುರ್ಚಿಯಲ್ಲಿ ಕುಳಿತೆ. ನನಗೆ ಇದು ಗೊತ್ತಿತ್ತು. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಕಡೆ ಸತ್ತ ನಾಗರಹಾವನ್ನು ನೋಡಿದವರು ಅದಕ್ಕೆ ಸಂಸ್ಕಾರ ಮಾಡಬೇಕು. ಮನೆಯವರೊಬ್ಬರು ತೀರಿಕೊಂಡಂತೆ ಭಟ್ಟರನ್ನು ಕರೆಸಿ, ಬೆಂಕಿ ಕೊಟ್ಟು, ಮೈಲಿಗೆ ಹಿಡಿಯಬೇಕು. ಮಾಡದಿದ್ದರೆ ದೋಷ. ಆದ್ದರಿಂದ ನೋಡದಿರುವುದು ಒಂದು ಕಲೆ. ನಾನು ಚಿಕ್ಕವಳಿದ್ದಾಗ ಅಮ್ಮನ ಕೈ ಹಿಡಿದು ನಡೆಯುತ್ತಿದ್ದ ದಾರಿಯಲ್ಲಿ ಅವಳು ಇದ್ದಕ್ಕಿದ್ದಂತೆ ನನ್ನ ಗಲ್ಲ ಹಿಡಿದು ಮುಖವನ್ನು ಗದ್ದೆಯ ಕಡೆ ತಿರುಗಿಸಿದ್ದಳು. "ಅಲ್ನೋಡು, ಬೆಳ್ಳಕ್ಕಿ," ಎಂದಿದ್ದಳು. ಗದ್ದೆಯಲ್ಲಿ ಬೆಳ್ಳಕ್ಕಿ ಇರಲಿಲ್ಲ. ಇನ್ನೊಂದು ಬದಿಯಲ್ಲಿ ಏನಿತ್ತೆಂದು ಇಬ್ಬರೂ ಮಾತಾಡಲಿಲ್ಲ. ಅದೇ ನಾನು, ಓದಿಕೊಂಡು ಬಂದು, ಹಾವುಗಳು ರಸ್ತೆಯನ್ನು ತಪ್ಪಿಸುತ್ತವೆ ಎಂದು ಬರೆದಿದ್ದೆ. ತಪ್ಪಿಸುತ್ತಿದ್ದವರು ನಾವು.

"ಬರ್ಕೊಳ್ಳಿ ಅಕ್ಕಾ," ಭಾಯ್ ಹುರುಪಿನಿಂದ ಹೇಳಿದರು. "ಹೋದ ಮಳೆಗಾಲ ಒಂದೆರಡು ಮೂರು. ಅದಕ್ಕೆ ಮೊದಲು ಒಂದು, ಈ ತೋಳಿನಷ್ಟು ದಪ್ಪ. ನಾನು ಸಹಿ ಹಾಕ್ತೇನೆ."

"ಫೋಟೊ ಇದೆಯಾ ಭಾಯ್? ಯಾವ ದಿನ ಅಂತ?"

"ಫೋಟೊ ಎಂತಕ್ಕೆ? ಮದುವೆನಾ ಅದು?"

"ಫೋಟೊ ಇಲ್ಲದಿದ್ದರೆ ಹಾಕುವ ಹಾಗಿಲ್ಲ."

"ಹಾಗಾದ್ರೆ ಹಾವು ಸತ್ತದ್ದು ಸುಳ್ಳಾ?"

"ಸುಳ್ಳಲ್ಲ. ದಾಖಲೆ ಅಲ್ಲ."

ಭಾಯ್ ನನ್ನನ್ನು ಒಂದು ಕ್ಷಣ ನೋಡಿ, "ನೀವು ಬ್ಯಾಂಕಿಗೆ ಸೇರ್ಬೇಕಿತ್ತು," ಎಂದರು. ಆದರೂ ಮುಂದಿನ ಸಲ ಫೋನ್ ಬಂದರೆ ಫೋಟೊ ತೆಗೆದು ಕಳಿಸುತ್ತೇನೆಂದು ಮಾತು ಕೊಟ್ಟರು. ಅವರು ಮಾತು ಕೊಟ್ಟ ಸುದ್ದಿ ಅವರ ಬಾಯಿಂದಲೇ ಕಾನಸೂರಿನವರೆಗಿನ ಎಲ್ಲ ಅಂಗಡಿಗಳಿಗೂ ತಲುಪಿತು. ಅಲ್ಲಿಗೆ ಫೋನು ಬರುವುದು ನಿಂತಿತು. ಭಾಯ್ ಫೋಟೊ ಹೊಡೆದು ಸರ್ವೆಯವರಿಗೆ ಕೊಡುತ್ತಾರಂತೆ, ಯಾರು ಹೇಳಿದ್ದು ಅಂತ ಬಂದರೆ ಕಷ್ಟ ಎಂದು ಜನ ಅವರಿಗೆ ಹೇಳುವುದನ್ನೂ ಬಿಟ್ಟರು. "ನಿಮ್ಮ ಸರ್ವೆ ಬಂದ್ಮೇಲೆ ಹಾವಿಗೂ ನನ್ನ ನಂಬರ್ ಬೇಡವಾಯ್ತು ಅಕ್ಕಾ," ಎಂದು ಪೇಟೆಯಲ್ಲಿ ಸಿಕ್ಕಾಗಲೆಲ್ಲ ಹಂಗಿಸುತ್ತಿದ್ದರು. ನಾನೇ ಹಲವು ಬೆಳಿಗ್ಗೆ ಶಿರಸಿಯಿಂದ ಸ್ಕೂಟರಿನಲ್ಲಿ ಆ ತಿರುವಿಗೆ ಹೋಗಿ ನಿಂತೆ. ಕಾಗೆ, ಹದ್ದುಗಳು ನನಗಿಂತ ಮೊದಲು ಬಂದು ಕೆಲಸ ಮುಗಿಸಿರುತ್ತಿದ್ದವು.

ಉಳಿದವಳು ಚಿಕ್ಕಮ್ಮ. ದಿನವೂ ಬೆಳಿಗ್ಗೆ ಮೊದಲು ಆ ತಿರುವು ದಾಟುವವಳು ಅವಳೇ. ಒಂದು ಭಾನುವಾರ ಅವಳ ಅಡುಗೆಮನೆಯಲ್ಲಿ ಕೂತು ಕೇಳಿದೆ.

"ಚಿಕ್ಕಮ್ಮ, ಕೆರೆ ತಿರುವಲ್ಲಿ ನಾಗರಹಾವು ಎಂದಾದ್ರೂ..."

"ಆನು ನೋಡಿದ್ನಿಲ್ಲೆ." ನಾನು ಪ್ರಶ್ನೆ ಮುಗಿಸುವ ಮೊದಲೇ, ತಾನು ನೋಡಿಲ್ಲವೆಂದು ಉತ್ತರ ಬಂತು. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

ಎಂಜಿನಿಯರು ಹೇಳಿದ್ದನ್ನು, ಮೋರಿಯ ವಿಷಯವನ್ನು ಹೇಳಿದೆ. ಅವಳಿಗೆ ಆ ಮೋರಿಯ ಬಗ್ಗೆ ನನಗಿಂತ ಹೆಚ್ಚು ಆಸೆಯಿತ್ತು. ಅಲ್ಲಿ ಬಿದ್ದ ಪ್ರತಿಯೊಂದು ಕಪ್ಪೆಯ ಪಕ್ಕದಲ್ಲೂ ಚಪ್ಪಲಿ ಇಟ್ಟವಳು ಅವಳು. ಕೈ ನಿಧಾನವಾಯಿತು. ಆಮೇಲೆ ಮೊರವನ್ನು ಬದಿಗಿಟ್ಟಳು.

"ಚೌತಿ ಹತ್ರ ಬಂತು ಕೂಸೇ. ಈ ವರ್ಷ ಚಕ್ಕುಲಿ ಕಂಬಳ ಯಮ್ಮನೆಲಿ. ಈಗ ಅಂಥದ್ದು ಕಣ್ಣಿಗೆ ಬಿದ್ರೆ ಎಂತ ಮಾಡೂದು? ಚೌತಿ ಮುಗಿಯವರೆಗೆ ಕಾಣದೇ ಇರ್ಲಿ ಹೇಳಿ ದಿನಾ ಬೇಡ್ಕ್ಯಳ್ತಾ ಇದ್ದಿ."

ಚಕ್ಕುಲಿ ಕಂಬಳ ಎಂದರೆ ಚೌತಿಯ ಗಣಪತಿಗೆ ಊರವರೆಲ್ಲ ಒಂದು ಮನೆಯಲ್ಲಿ ಕೂಡಿ ಚಕ್ಕುಲಿ ಸುತ್ತುವುದು. ಒರಳು, ಅಚ್ಚು ಏನೂ ಇಲ್ಲ. ಹಿಟ್ಟನ್ನು ಬೆರಳುಗಳ ನಡುವೆ ಹೊಸೆಯುತ್ತ, ಎಳೆ ಮುರಿಯದಂತೆ, ಹಾಸಿದ ಬಿಳಿ ಬಟ್ಟೆಯ ಮೇಲೆ ಸುತ್ತು ಸುತ್ತಾಗಿ ಇಳಿಸಬೇಕು. ಎಲ್ಲರ ಕೈಗೂ ಅದು ಬರುವುದಿಲ್ಲ. ನನಗೆ ಬರುವುದಿಲ್ಲ. ಚಿಕ್ಕಮ್ಮನ ಚಕ್ಕುಲಿಯ ಮುಳ್ಳುಗಳು ಒಂದರ ಪಕ್ಕ ಒಂದು ಹೊಲಿದ ಹಾಗೆ ಬರುತ್ತವೆ. ಎಷ್ಟೋ ವರ್ಷ ಕಾದ ಮೇಲೆ ಕಂಬಳ ಅವಳ ಮನೆಗೆ ಬಂದಿತ್ತು. ನಾನು ಮತ್ತೇನೂ ಕೇಳಲಿಲ್ಲ. ಯಾರನ್ನೂ ಅವರ ನಂಬಿಕೆಯ ವಿರುದ್ಧ ನೋಡು ಎಂದು ಹೇಳಲು ನನಗೆ ಹಕ್ಕಿಲ್ಲ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಕಂಬಳದ ದಿನ ಬೆಳಿಗ್ಗೆ ನಾನು ಹೊರಡುವ ತಯಾರಿಯಲ್ಲಿದ್ದೆ. ಫೋನ್ ಬಂತು. ಅವಳ ದನಿ ಸಣ್ಣದಾಗಿತ್ತು.

"ಕೂಸೇ, ಕೆರೆ ತಿರುವಿಗೆ ಬಾ. ಆನು ನೋಡಿದ್ದಿ."

ನಾನು ತಲುಪುವ ಮೊದಲು ಅಲ್ಲಿ ನಡೆದದ್ದನ್ನು ಚಿಕ್ಕಮ್ಮ ಮತ್ತು ಭಾಯ್ ಬೇರೆಬೇರೆಯಾಗಿ ಹೇಳಿದ್ದಾರೆ. ಎರಡೂ ಕಥೆಗಳಲ್ಲಿ ಹೇಳಿದವರೇ ಹೆಚ್ಚು ಧೈರ್ಯವಂತರು. ಕೂಡುವ ಭಾಗ ಇಷ್ಟು. ಚಿಕ್ಕಮ್ಮ ಎಳ್ಳು ತರಲು ಪೇಟೆಗೆ ಹೊರಟಿದ್ದಳು. ತಿರುವಿನಲ್ಲಿ ಅದು ಬಿದ್ದಿತ್ತು. ಅಭ್ಯಾಸದಂತೆ ಮುಖ ಕೆರೆಯ ಕಡೆ ತಿರುಗಿಸಿ ಮುಂದೆ ಹೋದಳು. ಸ್ವಲ್ಪ ದೂರ ಹೋಗಿ ಸ್ಕೂಟರು ನಿಲ್ಲಿಸಿದಳು. ಅಲ್ಲಿ ಎಷ್ಟು ಹೊತ್ತು ನಿಂತಿದ್ದಳೆಂದು ಅವಳು ಹೇಳಿಲ್ಲ. ಮತ್ತೆ ತಿರುಗಿ ಬಂದು, ಇಳಿದು, ನೆಟ್ಟಗೆ ನೋಡಿದಳು. ಫೋಟೊ ತೆಗೆದಳು. ಸಾಮಾನು ಹೇರಿಕೊಂಡು ಬರುತ್ತಿದ್ದ ಭಾಯ್‌ಗೆ ಫೋನ್ ಮಾಡಿದಳು. ಭಾಯ್ ಬಂದಾಗ ಅವಳು ಹಾವಿನ ಮೇಲೆ ಕೊಡೆ ಹಿಡಿದು, ಎದುರಿನಿಂದ ಬಂದ ಕಾರಿಗೆ ಬದಿಯಿಂದ ಹೋಗು ಎಂದು ಕೈ ಮಾಡುತ್ತಿದ್ದಳು.

"ಅಮ್ಮಾ! ನೀವು ನೋಡ್ಬಿಟ್ರಾ!"

"ನೋಡ್ದೆ ಮಾರಾಯ. ಟೆಂಪೊ ಅಡ್ಡ ನಿಲ್ಲಿಸು, ಇನ್ನೊಂದು ಗಾಡಿ ಹತ್ತಿಸಿದ್ರೆ ಎರಡು ಸಲ ಸತ್ತ ಹಾಗಾಗ್ತದೆ."

ನಾನು ಹೋದಾಗ ಇಬ್ಬರೂ ಎರಡು ಬದಿಯಲ್ಲಿ ಕಾವಲಿಗೆ ನಿಂತವರಂತೆ ಇದ್ದರು. ಹಾವಿನ ಹೆಡೆಯ ಹಿಂದಿನ ಗುರುತು ಸ್ಪಷ್ಟವಾಗಿತ್ತು. ಮೈ ಮೇಲೆ ಒಂದೇ ಕಡೆ ಗಾಯ. ಫೋಟೊದಲ್ಲಿ ಎಲ್ಲವೂ ಸರಿಯಾಗಿ ಬಂದಿತ್ತು, ಆದರೆ ಪಕ್ಕದಲ್ಲಿ ಚಪ್ಪಲಿ ಇರಲಿಲ್ಲ. ಕೇಳಿದ್ದಕ್ಕೆ, "ಅದ್ರ ಪಕ್ಕ ಚಪ್ಪಲಿ ಇಡ್ಲಾಗ್ತಾ?" ಎಂದಳು. ಅವಳು ಬರಿಗಾಲಿನಲ್ಲಿ ನಿಂತಿದ್ದಳು. ನಾನೂ ಚಪ್ಪಲಿ ಬಿಟ್ಟೆ. ಅಳತೆಯ ಟೇಪು ಬ್ಯಾಗಿನಲ್ಲಿಯೇ ಉಳಿಯಿತು.

ಅಳತೆ ತೆಗೆದದ್ದು ಆಮೇಲೆ, ಹಳ್ಳದ ದಂಡೆಯಲ್ಲಿ. ಬಾಳೆಎಲೆಯ ಮೇಲೆ ಅದನ್ನು ಮಲಗಿಸಿದ್ದರು. ಭಟ್ಟರು ದರ್ಭೆ ಹರಡುತ್ತಿದ್ದರು. ನಾನು ಸಂಕೋಚದಿಂದ ಟೇಪು ಹಿಡಿದು ದೂರ ನಿಂತದ್ದನ್ನು ಅವರೇ ಗಮನಿಸಿದರು.

"ಅಳತೆ ತಗಂಬುದಾದ್ರೆ ತಗ ಕೂಸೇ, ಬೇಗ. ಮಳೆ ಬಪ್ಪಲಾತು."

ನಾನು ಅಳೆದು ಬರೆದುಕೊಂಡೆ. ಭಟ್ಟರು ಎಷ್ಟು ಎಂದು ಕೇಳಿದರು, ಹೇಳಿದೆ. ಗಂಭೀರವಾಗಿ ತಲೆದೂಗಿ ಮಂತ್ರ ಮುಂದುವರಿಸಿದರು. ನೋಡಿದವಳು ಚಿಕ್ಕಮ್ಮನಾದರೂ ಕ್ರಿಯೆಗೆ ಕೂರಬೇಕಾದದ್ದು ಚಿಕ್ಕಪ್ಪ. ಒದ್ದೆ ಪಂಚೆಯಲ್ಲಿ ನಡುಗುತ್ತ, "ನೋಡಿದ್ದು ನೀನು, ಮೀಯೂದು ಆನು. ಸಂಸಾರ ಹೇಳ್ರೆ ಇದೇಯ," ಎಂದರು. ಚಿಕ್ಕಮ್ಮ ನಗಲಿಲ್ಲ. ಬೆಂಕಿ ಹತ್ತಿದಾಗ ಕೈಮುಗಿದು, ತುಟಿ ಅಲ್ಲಾಡಿಸಿ ಏನೋ ಹೇಳಿಕೊಂಡಳು. ರಸ್ತೆಯ ಬದಿಯಲ್ಲಿ ಟೆಂಪೊಗೆ ಒರಗಿ ನಿಂತಿದ್ದ ಭಾಯ್ ಕೂಡ ಟೋಪಿ ಸರಿಮಾಡಿಕೊಂಡು ಮೌನವಾಗಿದ್ದರು. ಅಷ್ಟು ಹೊತ್ತು ಅವರು ಮಾತಾಡದೆ ಇದ್ದದ್ದನ್ನು ನಾನು ಆಮೇಲೆ ಎಂದೂ ಕಂಡಿಲ್ಲ.

ಅವರ ಮನೆಯ ಪದ್ಧತಿಯಂತೆ ಚೌತಿ ಮುಗಿಯುವವರೆಗೆ ಚಿಕ್ಕಮ್ಮ, ಚಿಕ್ಕಪ್ಪ ಇಬ್ಬರಿಗೂ ಮೈಲಿಗೆ. ನೈವೇದ್ಯದ ಯಾವುದನ್ನೂ ಮುಟ್ಟುವಂತಿಲ್ಲ. ಕಂಬಳ ಮಧ್ಯಾಹ್ನವೇ ಆಚೆಮನೆಗೆ ಹೋಯಿತು. ಬೀಸಿಟ್ಟ ಹಿಟ್ಟನ್ನು ಒಯ್ಯಬಹುದೇ ಎಂದು ಚರ್ಚೆ ಎದ್ದಿತು. ಆಚೆಮನೆಯ ಅಜ್ಜ, ಆ ಊರಿನ ಹಿರಿಯರು, "ಹಾವು ನೋಡಿದ್ದು ಹಿಟ್ಟಲ್ಲ," ಎಂದು ತೀರ್ಮಾನ ಕೊಟ್ಟರು. ಹಿಟ್ಟು ಹೋಯಿತು, ಎಣ್ಣೆ ಹೋಯಿತು, ಬಿಳಿ ಬಟ್ಟೆಗಳೂ ಹೋದವು. ಚಿಕ್ಕಮ್ಮ ಆಚೆಮನೆಯ ಅಂಗಳದ ತುದಿಯಲ್ಲಿ, ಮಣೆ ಹಾಕಿಕೊಂಡು ಕೂತಳು. ನಾನು ಅವಳ ಪಕ್ಕದಲ್ಲಿ ಕೂತೆ. ನನಗೆ ಹೇಗೂ ಸುತ್ತಲು ಬರುವುದಿಲ್ಲ.

ಒಳಗೆ ಹಿಟ್ಟು ಹದವಾಗುತ್ತಿದ್ದದ್ದು, ಕೈಗಳು ಸಾಲಾಗಿ ಓಡುತ್ತಿದ್ದದ್ದು ಬಾಗಿಲಿನಿಂದ ಕಾಣುತ್ತಿತ್ತು. ಅವಳ ಬೆರಳುಗಳು ಮಡಿಲಲ್ಲಿ ತಾವಾಗಿಯೇ ಹೊಸೆಯುತ್ತಿದ್ದವು. ನಾನು ಬೇರೆ ಕಡೆ ನೋಡಿದೆ.

"ಎಂತದೇ," ಅಜ್ಜ ಒಳಗಿನಿಂದ ಕೂಗಿದರು, "ನಿನ್ನ ಕೈ ಇಲ್ಲದ ಚಕ್ಕುಲಿ ಗಣಪತಿ ತಿಂತ್ನಾ?"

"ತಿಂತ, ತಿಂತ," ಚಿಕ್ಕಮ್ಮ ಅಲ್ಲಿಂದಲೇ ಕೂಗಿದಳು. "ಆದ್ರೆ ಅಂವಂಗೆ ಇಪ್ಪುದು ಒಂದೇ ದಂತ. ನಿಂಗ್ಳ ಚಕ್ಕುಲಿ ಮುರಿಯಲೆ ಅದು ಸಾಕಾಗ್ತಾ ನೋಡ್ಕ್ಯಳಿ!"

ಒಳಗೆ ಎಲ್ಲರೂ ನಕ್ಕರು. ನಗು ಇಳಿಯುತ್ತಿದ್ದಂತೆ ಎಣ್ಣೆಯ ಬಾಣಲೆಯ ಹತ್ತಿರ ಕೂತಿದ್ದ ಪಕ್ಕದ ಮನೆಯ ಸೊಸೆ, ಯಾರನ್ನೂ ನೋಡದೆ, "ಹೋದ ವರ್ಷ ಅದೇ ತಿರುವಲ್ಲಿ ಯಂಗೂ..." ಎಂದಳು.

"ನೀನೂ ನೋಡಿದ್ಯನೇ?" ಯಾರೋ ಕೇಳಿದರು.

"ನೋಡಿದ್ನಿಲ್ಲೆ," ಅವಳು ಗಾಬರಿಯಾಗಿ ಹೇಳಿದಳು. "ಕಂಡಿತ್ತು ಅಷ್ಟೇ."

ಮತ್ತೆ ನಗು. ಆಮೇಲೆ ಒಬ್ಬೊಬ್ಬರಾಗಿ ತಮಗೆ ಕಂಡಿದ್ದನ್ನು ಹೇಳತೊಡಗಿದರು. ಶಾಲೆಯ ಹತ್ತಿರ ಒಂದು, ಸೇತುವೆಯ ಬಳಿ ಒಂದು, ಬಸ್ಸಿನ ಕಿಟಕಿಯಿಂದ ಒಂದು. ಅಜ್ಜನಿಗೇ ಎಂದೋ ಒಮ್ಮೆ, ಸೈಕಲ್ಲಿನ ಕಾಲದಲ್ಲಿ. ಇಷ್ಟು ವರ್ಷ ಹೊರೆ ಹೊತ್ತು ನಿಂತವರು ಇಳಿಸುವಾಗ ಮಾಡುವಂಥ ಸದ್ದು ಆ ಮಾತುಗಳಲ್ಲಿತ್ತು. ನಾನು ಯಾವುದನ್ನೂ ಬರೆದುಕೊಳ್ಳಲಿಲ್ಲ. ಅವು ದಾಖಲೆ ಅಲ್ಲ. ಆದರೆ ಮನೆಗೆ ಹೋಗಿ ವರದಿಯ ಕರಡು ತೆರೆದು ಆ ವಾಕ್ಯವನ್ನು ತೆಗೆದೆ. ಅದರ ಜಾಗದಲ್ಲಿ, ನಾಗರಹಾವಿನ ಸಾವುಗಳು ಸ್ಥಳೀಯ ಆಚರಣೆಯ ಕಾರಣದಿಂದ ವರದಿಯಾಗದೆ ಉಳಿಯುತ್ತವೆ, ದಾಖಲೆ ಇಲ್ಲದಿರುವುದನ್ನು ಸಾವು ಇಲ್ಲವೆಂದು ಓದಬಾರದು ಎಂದು ಬರೆದೆ. ಹಾಗೆ ಬರೆಯಲು ಸಿಕ್ಕ ಖುಷಿ ನನಗೆ ಆ ಇಡೀ ವರದಿಯಲ್ಲಿ ಮತ್ತೆಲ್ಲೂ ಸಿಗಲಿಲ್ಲ.

ಪಟ್ಟಿಯಲ್ಲಿ ನಾಗರಹಾವು ಒಂದು ಸಾಲು ಮಾತ್ರ. ಕಪ್ಪೆಗಳ ಮಧ್ಯೆ, ಅದೇ ಅಕ್ಷರದಲ್ಲಿ. ನಾನು ಅದನ್ನು ಎತ್ತಿ ತೋರಿಸಲಿಲ್ಲ. ತೋರಿಸಬೇಕಾಗಿಯೂ ಇರಲಿಲ್ಲ. ಎಂಜಿನಿಯರು ಪುಟ ತೆರೆದು ನೇರವಾಗಿ ಅಲ್ಲಿಗೇ ಬಂದರು. ಫೋಟೊವನ್ನು ಬಹಳ ಹೊತ್ತು ನೋಡಿದರು.

"ಸಂಸ್ಕಾರ ಮಾಡಿದ್ರೇನ್ರಿ?"

"ಮಾಡಿದರು ಸರ್."

"ಯಾರು ನೋಡಿದ್ರು?"

"ನಮ್ಮ ಸ್ವಯಂಸೇವಕಿ."

"ಗಟ್ಟಿ ಹೆಣಮಗಳು ಬಿಡ್ರಿ." ಪುಟ ಮಡಚಿ ಕಡತದ ಮೇಲಿಟ್ಟರು. ನನ್ನ ಮುಖ ನೋಡಿ ಏನು ಅನ್ನಿಸಿತೋ, "ಕಪ್ಪೀನೂ ಬರೀತೀನ್ರಿ, ಚಿಂತಿ ಮಾಡಬ್ಯಾಡ್ರಿ," ಎಂದರು.

ಮಳೆ ನಿಂತ ಮೇಲೆ ತಿರುವನ್ನು ಅಗೆದರು. ಮೋರಿ ನಾವು ಕೇಳಿದಷ್ಟು ಅಗಲವಾಗಲಿಲ್ಲ. ಒಳಗಿನ ಕಟ್ಟೆ ಎರಡೂ ಬದಿಗೆ ಬೇಕೆಂದು ನಕ್ಷೆ ಕೊಟ್ಟಿದ್ದೆವು, ಒಂದೇ ಬದಿಗೆ ಬಂತು. ಆದರೆ ಬಂತು. ಕೆಲಸ ನಡೆಯುವಾಗ ಚಿಕ್ಕಮ್ಮ ದಿನವೂ ಸ್ಕೂಟರು ನಿಲ್ಲಿಸಿ ಕಟ್ಟೆ ಎಲ್ಲಿ, ಎಷ್ಟು ಎತ್ತರ ಎಂದು ವಿಚಾರಿಸುತ್ತಿದ್ದಳಂತೆ. ಮೇಸ್ತ್ರಿ ಅವಳನ್ನು ಇಲಾಖೆಯವಳೆಂದೇ ತಿಳಿದಿದ್ದನಂತೆ. ಅವಳು ತಿದ್ದಲಿಲ್ಲ.

ಭಾಯ್ ಈಗ ನಮ್ಮ ಸ್ವಯಂಸೇವಕರು. ಅವರ ಫೋಟೊಗಳಲ್ಲಿ ಸತ್ತ ಪ್ರಾಣಿಯ ಜೊತೆಗೆ ಸಾಮಾನ್ಯವಾಗಿ ಅವರ ಟೆಂಪೊದ ಒಂದು ಭಾಗವೂ ಇರುತ್ತದೆ, ಅವರು ಗುದ್ದಿದ್ದಲ್ಲ ಎಂಬ ಟಿಪ್ಪಣಿಯೂ ಇರುತ್ತದೆ. ಬೇರೆ ರಸ್ತೆಗಳಿಂದ ನಾಗರಹಾವಿನ ಫೋಟೊಗಳು ಅಪರೂಪಕ್ಕೆ ಬರತೊಡಗಿವೆ. ಯಾವುದರ ಪಕ್ಕದಲ್ಲೂ ಪೆನ್ನಿಲ್ಲ, ಚಪ್ಪಲಿಯಿಲ್ಲ. ಅಳತೆ ಸಿಗದ ಆ ದಾಖಲೆಗಳನ್ನು ನಾನು ಮರುಮಾತಿಲ್ಲದೆ ಸ್ವೀಕರಿಸುತ್ತೇನೆ.

ಮುಂದಿನ ಮಳೆಯ ಶುರುವಿನಲ್ಲಿ ಒಂದು ಬೆಳಿಗ್ಗೆ, ಚಹಾ ಕುದಿಯುತ್ತಿದ್ದಾಗ, ಚಿಕ್ಕಮ್ಮನ ಫೋಟೊ ಬಂತು. ಸತ್ತದ್ದು ಯಾವುದೂ ಇರಲಿಲ್ಲ. ಹೊಸ ಮೋರಿಯ ಬಾಯಿ, ಕಟ್ಟೆಯ ಮೇಲೆ ಕೂತ ತೆಳು ಕೆಸರು, ಕೆಸರಿನಲ್ಲಿ ಒಂದು ಸೊಟ್ಟಸೊಟ್ಟ ಗೆರೆ. ಗೆರೆ ಕತ್ತಲಿನೊಳಗೆ ಹೋಗಿತ್ತು. ಅದರ ಹಿಂದೆಯೇ ಫೋನ್ ಬಂತು.

"ಇದ್ನ ಎಲ್ಲಿ ಹಾಕವು?"

"ಹಾವು ಹೋದ ಜಾಡು ಚಿಕ್ಕಮ್ಮ. ಆದರೆ ಯಾವ ಹಾವು ಅಂತ ಇದರಲ್ಲಿ ಹೇಳಲು ಬರುವುದಿಲ್ಲ."

"ಯಾವ್ದಾದ್ರೂ ಆಗ್ಲಿ. ಅಡಿಯಿಂದ ಹೋಯ್ದು ಅಲ್ದನೇ?"

"ಹೌದು. ಆದರೆ ಆ್ಯಪ್‌ನಲ್ಲಿ..."

"ಆ್ಯಪ್ ನಿಂದು. ಜಾಗ ಮಾಡು," ಎಂದಳು. "ಆನು ನೋಡಿದ್ದಿ."

ಆ ದಿನ ಮಧ್ಯಾಹ್ನದ ಹೊತ್ತಿಗೆ ನಮ್ಮ ಆ್ಯಪ್‌ನಲ್ಲಿ ಇನ್ನೊಂದು ಆಯ್ಕೆ ಸೇರಿತ್ತು. ದಾಟಿತು ಎಂದಷ್ಟೇ ಅದರ ಹೆಸರು. ಫೋಟೊವನ್ನು ಅದರಡಿಗೆ ಹಾಕುವಾಗ ನಾನು ಮತ್ತೊಮ್ಮೆ ದೊಡ್ಡದು ಮಾಡಿ ನೋಡಿದೆ. ಚಿತ್ರದ ಬಲ ಅಂಚಿನಲ್ಲಿ, ಗೆರೆಯಿಂದ ಮರ್ಯಾದೆಯ ದೂರದಲ್ಲಿ, ನೀಲಿ ಪಟ್ಟಿಯ ಚಪ್ಪಲಿ ಇತ್ತು.